ಹೆಣ ಹೇಳುವ ಕಥೆ, ಬೇತಾಳ ಕೇಳುವ ಪ್ರಶ್ನೆ

ಎರಡು ಸಂಚಿಕೆಗಳ ಹಿಂದೆ ಇದೇ ಅಂಕಣದಲ್ಲಿ, ಸರಸ್ವತಿಪುರಂನ ನಮ್ಮ ಓದುಬಳಗವು ಈ ವರ್ಷ ಕಾದಂಬರಿಗಳನ್ನು ಬದಿಗಿರಿಸಿ 1950ರ ದಶಕದ ಅಮೆರಿಕದ ಭಯಾನಕ ಕಾಮಿಕ್ಸ್ ಮಾಲಿಕೆಯೊಂದನ್ನು ಒಟ್ಟಿಗೆ ಓದುತ್ತಿದೆ ಎಂದು ಒಂದೇ ಸಾಲಿನಲ್ಲಿ ಬರೆದಿದ್ದೆ. ಹಳಗನ್ನಡ ಕಾವ್ಯಗಳ ಬಗ್ಗೆ ಪುಟಗಟ್ಟಲೆ ಬರೆದಾಗಲೂ ಬಾರದಷ್ಟು ಪತ್ರಗಳು ಆ ಒಂದು ಸಾಲಿಗೆ ಬಂದಿವೆ. ಕೆಲವರು ಬೈದಿದ್ದಾರೆ, ಕೆಲವರು ಪುಸ್ತಕ ಎರವಲು ಕೇಳಿದ್ದಾರೆ. ಮೈಸೂರು, ಮಂಡ್ಯ ಕಡೆಯ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಏಳನ್ನು ಆರಿಸಿಕೊಂಡು ಈ ಬಾರಿಯ ಅಂಕಣವನ್ನು ಅವಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಮ್ಮದು ಒಂಬತ್ತು ಜನರ ಗುಂಪು, ಆರು ವರ್ಷಗಳಿಂದ ತಿಂಗಳಿಗೊಂದು ಪುಸ್ತಕ ಓದುತ್ತಿದ್ದೇವೆ. ಕಿರಿಯ ಸದಸ್ಯರೊಬ್ಬರು ನೀವು ಹೇಳಿದ ಮಾಲಿಕೆಯನ್ನೇ ಹಿಡಿಯೋಣ ಎನ್ನುತ್ತಿದ್ದಾರೆ. ಹಿರಿಯರ ಪ್ರಕಾರ ದೆವ್ವದ ಕಾಮಿಕ್ಸ್ ಎಂದರೆ ರೈಲಿನಲ್ಲಿ ಓದಿ ಸೀಟಿನ ಮೇಲೆ ಬಿಟ್ಟುಬರುವ ಸರಕು. ಇದು ಯಾವ ಮಾಲಿಕೆ? ಇದಕ್ಕೆ ಇಷ್ಟು ಮರ್ಯಾದೆ ಏಕೆ? ಎಲ್ಲಿಂದ ಆರಂಭಿಸಬೇಕು?
— ಓದುಗರೊಬ್ಬರು, ಜಯಲಕ್ಷ್ಮೀಪುರಂ, ಮೈಸೂರು

ಉತ್ತರ: ಅದು ಬಂದ ಕಾಲದಲ್ಲಿ ಅಮೆರಿಕದವರೂ ಓದಿ ಬಿಟ್ಟುಹೋಗುತ್ತಿದ್ದ ಸರಕೇ ಆಗಿತ್ತು, ಬೆಲೆ ಹತ್ತು ಸೆಂಟು. ಆದ್ದರಿಂದ ನಿಮ್ಮ ಹಿರಿಯರ ಮಾತಿನಲ್ಲಿ ತಪ್ಪೇನೂ ಇಲ್ಲ, ಆದರೆ ಮಾತು ಅಲ್ಲಿಗೇ ಮುಗಿಯುವುದಿಲ್ಲ.

ನಾವು ಓದುತ್ತಿರುವುದು ಇಸಿ ಕಾಮಿಕ್ಸ್ ಎಂಬ ಸಂಸ್ಥೆ ಹೊರತಂದ ಮೂರು ಅಕ್ಕತಂಗಿ ಪತ್ರಿಕೆಗಳನ್ನು: ‘ಟೇಲ್ಸ್ ಫ್ರಮ್ ದ ಕ್ರಿಪ್ಟ್’, ‘ದ ವಾಲ್ಟ್ ಆಫ್ ಹಾರರ್’ ಮತ್ತು ‘ದ ಹಾಂಟ್ ಆಫ್ ಫಿಯರ್’. ಸಂಸ್ಥೆಯನ್ನು ಕಟ್ಟಿದ ಮ್ಯಾಕ್ಸ್ ಗೇನ್ಸ್ ಬೈಬಲಿನ ಕಥೆಗಳನ್ನು ಚಿತ್ರಗಳಲ್ಲಿ ಮುದ್ರಿಸಿ ಮಕ್ಕಳಿಗೆ ವಿದ್ಯೆ ಕಲಿಸಬೇಕೆಂದು ಹೊರಟವರು. ಇಸಿ ಎಂಬುದರಲ್ಲಿನ ಮೊದಲ ಅಕ್ಷರ ಆಗ ‘ಎಜುಕೇಷನಲ್’ ಎಂಬುದಕ್ಕೆ ನಿಂತಿತ್ತು. ಅವರು 1947ರಲ್ಲಿ ದೋಣಿ ಅಪಘಾತದಲ್ಲಿ ತೀರಿಕೊಂಡಾಗ, ರಸಾಯನಶಾಸ್ತ್ರದ ಮೇಷ್ಟರಾಗಬೇಕೆಂದು ಓದುತ್ತಿದ್ದ 25 ವರ್ಷದ ಮಗ ವಿಲಿಯಂ ಗೇನ್ಸ್ ಒಲ್ಲದ ಮನಸ್ಸಿನಿಂದ ವ್ಯವಹಾರಕ್ಕೆ ಕೈಹಾಕಬೇಕಾಯಿತು. ಕೆಲವು ವರ್ಷಗಳಲ್ಲಿ ಅದೇ ಅಕ್ಷರ ‘ಎಂಟರ್‌ಟೈನಿಂಗ್’ ಎಂಬುದಕ್ಕೆ ಬದಲಾಗಿತ್ತು. ಅಪ್ಪ ದೇವರ ಕಥೆ ಅಚ್ಚುಹಾಕಿದ ಯಂತ್ರದಲ್ಲಿ ಮಗ ಹೆಣದ ಕಥೆ ಅಚ್ಚುಹಾಕಿದ ಎನ್ನಬಹುದು. ರಾತ್ರಿ ನಿದ್ದೆ ಬಾರದ ಗೇನ್ಸ್ ಸಿಕ್ಕಸಿಕ್ಕ ಭಯಾನಕ ಕಥೆಗಳನ್ನೆಲ್ಲ ಓದಿ ಎಳೆಗಳನ್ನು ಗುರುತು ಹಾಕಿಕೊಂಡು ಬೆಳಗ್ಗೆ ಕಚೇರಿಗೆ ಬರುವುದು, ಸಂಪಾದಕ ಆಲ್ ಫೆಲ್ಡ್‌ಸ್ಟೀನ್ ಅವುಗಳಲ್ಲೊಂದನ್ನು ಹಿಡಿದು ಕಥೆಯಾಗಿಸುವುದು, ಹೀಗೆ ಇಬ್ಬರ ಜೋಡಿ ನಡೆಯಿತು. ‘ಟೇಲ್ಸ್ ಫ್ರಮ್ ದ ಕ್ರಿಪ್ಟ್’ 1950ರಲ್ಲಿ ‘ದ ಕ್ರಿಪ್ಟ್ ಆಫ್ ಟೆರರ್’ ಎಂಬ ಹೆಸರಿನಿಂದ ಆರಂಭವಾಗಿ ಅದೇ ವರ್ಷ ಈಗಿನ ಹೆಸರು ಪಡೆಯಿತು. 1955ರ ಆರಂಭದಲ್ಲಿ ನಿಂತಿತು. ಎರಡು ತಿಂಗಳಿಗೊಂದರಂತೆ ಬಂದ ಸಂಚಿಕೆಗಳು ಒಟ್ಟು 30. ಮಿಕ್ಕ ಎರಡರವು 29 ಮತ್ತು 28. ಐದು ವರ್ಷವೂ ತುಂಬದ ಬಾಳು.

ಎಲ್ಲವನ್ನೂ ಮೊದಲಿನಿಂದ ಕೊನೆಯವರೆಗೆ ಓದುತ್ತೇವೆ ಎಂದು ಹಟ ಹಿಡಿಯಬೇಡಿ. ನಾವು ಹಿಡಿದು ಕೆಟ್ಟೆವು. ಮೊದಲ ಸಭೆಗೆ ಒಂದಿಡೀ ಸಂಪುಟವನ್ನು ಓದಿಕೊಂಡು ಬರಬೇಕೆಂದು ನಿಗದಿ ಮಾಡಿದ್ದೆವು. ಹನ್ನೊಂದನೆಯ ಕಥೆಗೆ ಬರುವಷ್ಟರಲ್ಲಿ ಗಂಡನನ್ನು ಕೊಲ್ಲುವ ಹೆಂಡತಿ, ಪಾಲುದಾರನನ್ನು ಕೊಲ್ಲುವ ಪಾಲುದಾರ, ಮಣ್ಣಿನಿಂದ ಎದ್ದುಬರುವ ಕೈ, ಎಲ್ಲವೂ ಸೀರಿಯಲ್ಲಿನ ಅತ್ತೆಯಷ್ಟು ಪರಿಚಿತವಾಗಿ, ಸಭೆಯಲ್ಲಿ ಇಬ್ಬರು ಆಕಳಿಸಿದರು. ಇವು ಎರಡು ತಿಂಗಳು ಕಾದು ನಾಲ್ಕು ಕಥೆ ಓದುವವರಿಗಾಗಿ ಬರೆದವು. ಒಂದೇ ಏಟಿಗೆ ನಲವತ್ತು ಓದುವವರಿಗಾಗಿ ಅಲ್ಲ. ಈಗ ನಾವು ಸಭೆಗೆ ಮೂರೇ ಕಥೆ ಇಟ್ಟುಕೊಳ್ಳುತ್ತೇವೆ. ಆರಂಭದ ಸಂಚಿಕೆಗಳ ಕೈ ಇನ್ನೂ ಪಳಗಿಲ್ಲದ್ದರಿಂದ ಸಂಖ್ಯೆಯ ಕ್ರಮವನ್ನು ಬಿಟ್ಟು, ಮೊದಲ ಸಭೆಗೆ ‘ರಿಫ್ಲೆಕ್ಷನ್ ಆಫ್ ಡೆತ್’, ‘ಪೊಯೆಟಿಕ್ ಜಸ್ಟಿಸ್’ ಮತ್ತು ಕ್ರಿಸ್ಮಸ್ ರಾತ್ರಿಯ ಕಥೆಯಾದ ‘ಅಂಡ್ ಆಲ್ ಥ್ರೂ ದ ಹೌಸ್’ ಈ ಮೂರನ್ನು ಆರಿಸಿಕೊಳ್ಳಿ. ಮೂರೂ ಮೂರು ಪತ್ರಿಕೆಗಳವು, ಮೂವರು ಬೇರೆಬೇರೆ ಚಿತ್ರಕಾರರವು. ನಿಮ್ಮ ಹಿರಿಯರು ಮೂರನೆಯದನ್ನು ಮುಗಿಸಿಯೂ ಸರಕೇ ಎಂದರೆ, ಅವರ ಮಾತನ್ನು ಒಪ್ಪಿ ಮುಂದಿನ ತಿಂಗಳು ಕಾದಂಬರಿಗೆ ಮರಳಿ.

ಪ್ರಶ್ನೆ: ನಾನು ಪ್ರೌಢಶಾಲೆಯ ಶಿಕ್ಷಕಿ. ಗೆಳತಿಯರೊಂದಿಗೆ ಒಂದು ಕಾಮಿಕ್ಸ್ ಓದಲು ಕೂತೆವು. ಎಲ್ಲರೂ ಹತ್ತು ನಿಮಿಷದಲ್ಲಿ ಓದಿ ಮುಗಿಸಿ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ‘ಚೆನ್ನಾಗಿದೆ’ ಎನ್ನುವುದರ ಹೊರತು ಮಾತಾಡಲು ಏನೂ ಸಿಗಲಿಲ್ಲ. ಕಾದಂಬರಿಯಾದರೆ ಪಾತ್ರ, ಭಾಷೆ ಎಂದು ಏನಾದರೂ ಇರುತ್ತದೆ. ಇದನ್ನು ಒಟ್ಟಿಗೆ ಓದುವುದು ಎಂದರೇನು?
— ಓದುಗರೊಬ್ಬರು, ಮಂಡ್ಯ

ಉತ್ತರ: ಈ ಸಲದ ಪತ್ರಗಳಲ್ಲಿ ನನಗೆ ಅತ್ಯಂತ ಬೇಕಾದ ಪ್ರಶ್ನೆ ಇದು. ಮೊದಲು ನಮ್ಮ ಮನೆಯ ಉಪಾಯವನ್ನು ಹೇಳಿಬಿಡುತ್ತೇನೆ: ಹಳೆಯ ಮದುವೆಯ ಕರೆಯೋಲೆ.

ನಮ್ಮ ಸಭೆ ಎರಡನೆಯ ಭಾನುವಾರ ಸಂಜೆ ನಾಲ್ಕಕ್ಕೆ. ಪುಸ್ತಕ ಒಂದೇ ಪ್ರತಿ. ಅದನ್ನು ಟೀಪಾಯಿಯ ಮೇಲೆ ಬಿಡಿಸಿಟ್ಟು ಸುತ್ತ ಏಳು ಜನ ಕೂರುತ್ತೇವೆ. ಪುರಿಯ ತಟ್ಟೆಯನ್ನು ದೂರದ ಕುರ್ಚಿಯ ಮೇಲಿಡುವುದು ನಿಯಮ, ಏಕೆಂದರೆ ಎಣ್ಣೆಗೈ ತಾಗಿದ ಪುಟ ಒಂದು ಈಗಾಗಲೇ ಇದೆ, ಅದು ನನ್ನ ಕೈಯದೇ. ಗಟ್ಟಿ ಕಾಗದದ ಕರೆಯೋಲೆಯೊಂದನ್ನು ಮಡಿಕೆಯಲ್ಲಿ ಕತ್ತರಿಸಿ, ಓದುತ್ತಿರುವ ಚೌಕಟ್ಟಿನ ಮುಂದಿನದೆಲ್ಲ ಮುಚ್ಚುವಂತೆ ಪುಟದ ಮೇಲೆ ಇಡುತ್ತೇವೆ. ಒಬ್ಬರು ಜೋರಾಗಿ ಓದುತ್ತಾರೆ, ಇನ್ನೊಬ್ಬರು ಕಾಗದ ಸರಿಸುತ್ತಾರೆ. ಕಾಗದ ಸರಿಸುವವರದೇ ಮುಖ್ಯ ಪಾತ್ರ. ಅವರಿಗೆ ಅವಸರ ಇರಕೂಡದು. ಕರೆಯೋಲೆಯ ಮೇಲಿನ ಬಂಗಾರದ ಬಣ್ಣದ ಗಣಪತಿ, ಕೊಳೆತ ಹೆಣದ ಕಡೆಗೆ ಸೊಂಡಿಲು ತಿರುಗಿಸಿಕೊಂಡು ಇಂಚಿಂಚಾಗಿ ಕೆಳಗಿಳಿಯುವ ದೃಶ್ಯವನ್ನು ನೀವೊಮ್ಮೆ ನೋಡಬೇಕು.

ಹೀಗೆ ಮುಚ್ಚಿ ಓದಿದಾಗಲೇ ಇದರ ಕಸುಬು ಕಾಣಿಸುವುದು. ‘ರಿಫ್ಲೆಕ್ಷನ್ ಆಫ್ ಡೆತ್’ ಕಥೆಯನ್ನೇ ತೆಗೆದುಕೊಳ್ಳಿ. ‘ಟೇಲ್ಸ್ ಫ್ರಮ್ ದ ಕ್ರಿಪ್ಟ್’ನ 23ನೆಯ ಸಂಚಿಕೆಯದು, ಚಿತ್ರಗಳೂ ಫೆಲ್ಡ್‌ಸ್ಟೀನ್ ಅವರವೇ. ರಾತ್ರಿಯ ರಸ್ತೆಯಲ್ಲಿ ಕಾರಿನ ಅಪಘಾತವಾಗುತ್ತದೆ, ಒಬ್ಬ ಎದ್ದು ನಡೆಯುತ್ತಾನೆ, ಕಂಡವರೆಲ್ಲ ಅವನನ್ನು ನೋಡಿ ಚೀರಿ ಓಡುತ್ತಾರೆ. ಆ ‘ಒಬ್ಬ’ ಯಾರೆಂದರೆ ನೀವು. ಕಥೆ ಪೂರ್ತಿ ‘ನೀನು ನಡೆಯುತ್ತೀಯೆ, ನೀನು ಬಾಗಿಲು ತಟ್ಟುತ್ತೀಯೆ’ ಎಂಬ ಮಧ್ಯಮ ಪುರುಷದಲ್ಲಿ ಸಾಗುತ್ತದೆ. ಚಿತ್ರಗಳೂ ಅವನ ಕಣ್ಣಿನಿಂದಲೇ ಕಾಣುತ್ತವೆ, ಆದ್ದರಿಂದ ಎದುರಿನವರ ಭಯವೆಲ್ಲ ಕಾಣುತ್ತದೆ, ಅವನ ಮುಖ ಮಾತ್ರ ಕಾಣುವುದಿಲ್ಲ. ಅದು ಕಾಣುವುದು ಕನ್ನಡಿಯ ಮುಂದೆ ನಿಂತಾಗ. ನಮ್ಮ ಸಭೆಯಲ್ಲಿ ಕಾಗದ ಸರಿಸುತ್ತಿದ್ದ ನಿವೃತ್ತ ಬ್ಯಾಂಕ್ ನೌಕರರು ಅಲ್ಲಿಗೆ ಬಂದು ಕೈ ನಿಲ್ಲಿಸಿ, ‘ಸ್ವಲ್ಪ ಕಾಫಿ ಕುಡಿದು ಮುಂದುವರಿಸೋಣವೆ?’ ಎಂದರು. ಅದು ತಮಾಷೆಗೆ ಹೇಳಿದ್ದಲ್ಲ. ಕಾದಂಬರಿಯಲ್ಲಿ ‘ಅವನ ಮುಖ ಕೊಳೆತಿತ್ತು’ ಎಂಬ ವಾಕ್ಯವನ್ನು ಯಾವ ಪುಟದಲ್ಲಿ ಬೇಕಾದರೂ ಬರೆಯಬಹುದು. ಕಾಮಿಕ್ಸಿನಲ್ಲಿ ಮುಖವನ್ನು ತೋರಿಸದೆ ಪುಟಗಟ್ಟಲೆ ನಡೆಸುವುದು, ಅದೂ ತೋರಿಸಿಲ್ಲವೆಂದು ಓದುವವನಿಗೆ ಗೊತ್ತಾಗದಂತೆ ನಡೆಸುವುದು, ಬೇರೆಯೇ ವಿದ್ಯೆ. ಗೆಳತಿಯರೊಂದಿಗೆ ಕೇಳಿಕೊಳ್ಳಿ: ಯಾವ ಚೌಕಟ್ಟಿನಲ್ಲಿ ನಿಮಗೆ ಗುಮಾನಿ ಹುಟ್ಟಿತು? ಏಳು ಜನರಲ್ಲಿ ನಾಲ್ವರು ನಾಲ್ಕು ಬೇರೆ ಚೌಕಟ್ಟು ತೋರಿಸಿದರು. ಅರ್ಧ ಗಂಟೆಯ ಮಾತು ಅಲ್ಲಿಂದಲೇ ಹೊರಟಿತು.

ಇನ್ನೊಂದು ಸಂಗತಿ. ಈ ಪುಟಗಳಲ್ಲಿ ಅಕ್ಷರ ಬಹಳ. ಎಷ್ಟೋ ಚೌಕಟ್ಟುಗಳಲ್ಲಿ ಮೇಲಿನ ಮೂರನೆಯ ಒಂದು ಭಾಗ ಬರೀ ಒಕ್ಕಣೆ. ಫೆಲ್ಡ್‌ಸ್ಟೀನ್ ಮಾತುಗಳನ್ನು ಮೊದಲು ಬರೆದು, ಅಚ್ಚಿನ ಹಲಗೆಯ ಸಹಾಯದಿಂದ ಯಂತ್ರದಂತೆ ಒಂದೇ ಸಮನಾದ ಅಕ್ಷರಗಳಲ್ಲಿ ಪುಟದ ಮೇಲೆ ಬರೆಸಿ, ಆಮೇಲೆ ಅದನ್ನು ಚಿತ್ರಕಾರನ ಕೈಗೆ ಕೊಡುತ್ತಿದ್ದರು. ಅಂದರೆ ಚಿತ್ರಕಾರನಿಗೆ ಸಿಗುತ್ತಿದ್ದುದು ಮಾತು ಬಿಟ್ಟುಕೊಟ್ಟ ಜಾಗ ಮಾತ್ರ. ಸೈಟು ಚಿಕ್ಕದಾದರೂ ಮನೆ ಕಟ್ಟಲೇಬೇಕು ಎಂಬ ಸ್ಥಿತಿ. ಅದರಲ್ಲಿ ಯಾರು ಹೇಗೆ ಕಟ್ಟಿದ್ದಾರೆಂದು ನೋಡುವುದೇ ಒಂದು ಸಭೆಗೆ ಸಾಕಾಗುವ ವಿಷಯ. ಜಾನಿ ಕ್ರೇಗ್ ಕ್ರಿಸ್ಮಸ್ ರಾತ್ರಿಯ ಕಥೆಯಲ್ಲಿ ಅಚ್ಚುಕಟ್ಟಾದ ಹಜಾರ, ದೀಪ, ಕಿಟಕಿ ಇಷ್ಟನ್ನೇ ಇಟ್ಟುಕೊಂಡು, ಹೆಚ್ಚು ರಕ್ತ ಹರಿಸದೆ ಹೆದರಿಸುತ್ತಾರೆ. ಗ್ರಹಾಂ ಇಂಗೆಲ್ಸ್ ತಮ್ಮ ಚಿತ್ರಗಳಿಗೆ ‘ಗ್ಯಾಸ್ಟ್ಲಿ’ (ಘೋರ) ಎಂದೇ ಸಹಿ ಹಾಕುತ್ತಿದ್ದವರು. ಅವರ ಗೆರೆಯಿಂದ ಕೀವು ಜಿನುಗುತ್ತದೆ, ಬದುಕಿರುವ ಪಾತ್ರಗಳೂ ಅರ್ಧ ಕರಗಿದಂತಿರುತ್ತವೆ. ನಮ್ಮ ಲಾಕ್ಷಣಿಕರು ಭಯಾನಕವನ್ನೂ ಬೀಭತ್ಸವನ್ನೂ ಎರಡು ರಸಗಳೆಂದು ಬೇರೆಬೇರೆ ಎಣಿಸಿ, ಒಂದಕ್ಕೆ ಭಯ, ಇನ್ನೊಂದಕ್ಕೆ ಜುಗುಪ್ಸೆ ಸ್ಥಾಯಿಭಾವವೆಂದರು. ಅದನ್ನು ಪಾಠವಾಗಿ ವರ್ಷಗಟ್ಟಲೆ ಹೇಳಿದ ನನಗೆ, ಕ್ರೇಗ್ ಮತ್ತು ಇಂಗೆಲ್ಸ್‌ರನ್ನು ಒಂದೇ ಸಂಜೆ ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ಅದು ಮೈಗೆ ತಾಗಿತು.

ಪ್ರಶ್ನೆ: ನಮ್ಮ ಗುಂಪಿನಲ್ಲಿ ಅರ್ಧ ಜನಕ್ಕೆ ಇಂಗ್ಲಿಷ್ ಸಲೀಸಿಲ್ಲ. ಅವರನ್ನು ಹೊರಗಿಟ್ಟು ಓದಲು ಮನಸ್ಸಿಲ್ಲ. ಏನು ಮಾಡಬಹುದು?
— ಓದುಗರೊಬ್ಬರು, ಮದ್ದೂರು

ಉತ್ತರ: ಓದಿ ಹೇಳಿ. ಬರೆದು ಅನುವಾದಿಸಬೇಡಿ, ಚೌಕಟ್ಟಿಗೆ ಬೆರಳಿಟ್ಟು ಬಾಯಲ್ಲೇ ಕನ್ನಡಕ್ಕೆ ತನ್ನಿ. ಈ ಕಥೆಗಳು ಮೂಲದಲ್ಲೇ ಬಾಯಿಮಾತಿನವು. ಗೇನ್ಸ್ ಮತ್ತು ಫೆಲ್ಡ್‌ಸ್ಟೀನ್ ಇಬ್ಬರೂ ರೇಡಿಯೊದ ದೆವ್ವದ ನಾಟಕಗಳನ್ನು ಕೇಳಿ ಬೆಳೆದವರು. ಅಲ್ಲಿ ಮುದುಕಿಯೊಬ್ಬಳು ಕಥೆಯನ್ನು ಆರಂಭಿಸಿಕೊಡುತ್ತಿದ್ದಳು. ಅದೇ ಪದ್ಧತಿಯನ್ನು ಅವರು ಕಾಗದಕ್ಕೆ ತಂದರು. ಮೂರು ಪತ್ರಿಕೆಗೆ ಮೂವರು ನಿರೂಪಕರು: ಕ್ರಿಪ್ಟ್‌ಕೀಪರ್, ವಾಲ್ಟ್‌ಕೀಪರ್, ಓಲ್ಡ್ ವಿಚ್. ಕಥೆಯ ಆರಂಭದಲ್ಲಿ ಬಂದು ಓದುಗನನ್ನು ಕೆಣಕುತ್ತಾರೆ, ಒಬ್ಬರನ್ನೊಬ್ಬರು ಬೈಯುತ್ತಾರೆ, ಕೊನೆಯಲ್ಲಿ ಹೆಣದ ಮೇಲೆ ನಿಂತು ಹಲ್ಲುಕಿರಿದು ಒಂದು ಶ್ಲೇಷೆ ಹೊಡೆದು ಹೋಗುತ್ತಾರೆ. ನಮ್ಮ ಮೂಡಲಪಾಯದ ಹನುಮನಾಯಕ ರಾಜನ ಮುಂದೆಯೇ ನಿಂತು ರಾಜನನ್ನು ಹಾಸ್ಯ ಮಾಡಿದಂತೆ. ಆ ಮೂವರ ಶ್ಲೇಷೆ ಕನ್ನಡಕ್ಕೆ ಬಾರದು, ಬಾರದಿದ್ದರೆ ನಷ್ಟವೂ ಇಲ್ಲ, ಬರಬೇಕಾದದ್ದು ದನಿ. ನಮ್ಮ ಬಳಗದಲ್ಲಿ ಮಂಡ್ಯದ ಹತ್ತಿರದ ಹಳ್ಳಿಯವರೊಬ್ಬರಿದ್ದಾರೆ. ಓಲ್ಡ್ ವಿಚ್‌ಳ ಪಾಲು ಬಂದಾಗ ಅವರು, ‘ಬಾ ಮಗಾ, ಕುಂತ್ಕೊ. ಇವತ್ತಿನ್ ಕತೆ ವಸಿ ರಕ್ತದ್ದು. ಉಣ್ಕಂಡ್ ಬಂದಿದ್ದೀಯಾ ತಾನೆ?’ ಎಂದು ಆರಂಭಿಸಿದರು. ಇಂಗ್ಲಿಷಿನಲ್ಲಿ ಅಂಥ ವಾಕ್ಯ ಎಲ್ಲಿದೆ ಎಂದು ಯಾರೂ ಕೇಳಲಿಲ್ಲ. ಮುಂದಿನ ಎಂಟು ಪುಟವನ್ನು ಇಂಗ್ಲಿಷ್ ಬಲ್ಲವರೂ ಪುಸ್ತಕ ಬಿಟ್ಟು ಅವರ ಮುಖವನ್ನೇ ನೋಡಿಕೊಂಡು ಕೇಳಿದರು.

ಪ್ರಶ್ನೆ: ನನ್ನ 12 ವರ್ಷದ ಮಗ ನಿಮ್ಮ ಅಂಕಣ ಓದಿ, ತನಗೂ ಆ ಪುಸ್ತಕ ಬೇಕೆಂದು ಹಟ ಹಿಡಿದಿದ್ದಾನೆ. ಇಂಥದ್ದನ್ನು ಓದಿದ ಮಕ್ಕಳು ಕೆಡುತ್ತಾರೆ ಎಂದು ಹಿಂದೆ ಅಮೆರಿಕದಲ್ಲೇ ನಿಷೇಧ ಮಾಡಿದ್ದರಂತೆ. ನಿಜವೆ? ಕೊಡಬಹುದೆ?
— ತಾಯಿಯೊಬ್ಬರು, ಕುವೆಂಪುನಗರ, ಮೈಸೂರು

ಉತ್ತರ: ಕೊಡಬೇಡಿ ಎಂಬುದು ನನ್ನ ಅಭಿಪ್ರಾಯ, ಆದರೆ ಮಗ ಕೆಡುತ್ತಾನೆ ಎಂಬ ಕಾರಣಕ್ಕಲ್ಲ. ನಮ್ಮ ಬಳಗದಲ್ಲಿ 16 ದಾಟಿದವರಿಗೆ ಮಾತ್ರ ಪ್ರವೇಶವಿದೆ. ಕೊಲ್ಲುವ ಹೆಂಡತಿ, ಮೋಸಮಾಡುವ ಹೆಂಡತಿ, ಸುಂದರಿಯಾದ್ದರಿಂದಲೇ ಕೆಟ್ಟವಳಾದ ಹೆಂಡತಿ ಇವರ ಸಂಖ್ಯೆ ಈ ಕಥೆಗಳಲ್ಲಿ ವಿಪರೀತ. ಅದನ್ನು ಕಂಡು ‘ಇದೇನಿದು?’ ಎಂದು ಕೇಳುವಷ್ಟು ಬೆಳೆದವರು ಓದಿದರೆ ಸಾಕು.

ಇನ್ನು ನಿಷೇಧದ ಕಥೆ. ಕೇಂದ್ರ ಸರ್ಕಾರ ನಿಷೇಧಿಸಲಿಲ್ಲ; ಉದ್ಯಮವೇ ತನ್ನ ಕೊರಳಿಗೆ ತಾನೇ ಉರುಳು ಬಿಗಿದುಕೊಂಡಿತು. ಫ್ರೆಡ್ರಿಕ್ ವರ್ಥಮ್ ಎಂಬ ಮನೋವೈದ್ಯರು 1954ರಲ್ಲಿ ಪುಸ್ತಕವೊಂದನ್ನು ಬರೆದು, ಬಾಲಾಪರಾಧಕ್ಕೆ ಕಾಮಿಕ್ಸ್ ಕಾರಣವೆಂದು ವಾದಿಸಿದರು. ಅವರು ಕೆಟ್ಟ ಮನುಷ್ಯರಲ್ಲ, ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಬಡ ಕಪ್ಪು ಜನರಿಗಾಗಿ ಚಿಕಿತ್ಸಾಲಯ ನಡೆಸಿದವರು. ಆದರೆ ಅವರ ಟಿಪ್ಪಣಿಗಳನ್ನು ಪರಿಶೀಲಿಸಿದ ಕ್ಯಾರಲ್ ಟಿಲ್ಲಿ ಎಂಬ ವಿದ್ವಾಂಸೆ, ವರ್ಥಮ್ ಮಕ್ಕಳ ಹೇಳಿಕೆಗಳನ್ನು ತಮಗೆ ಬೇಕಾದಂತೆ ತಿದ್ದಿ ಜೋಡಿಸಿದ್ದರೆಂದು 2012ರಲ್ಲಿ ತೋರಿಸಿಕೊಟ್ಟರು. 1954ರ ಏಪ್ರಿಲ್ 21ರಂದು, ಬಾಲಾಪರಾಧದ ವಿಚಾರಣೆ ನಡೆಸುತ್ತಿದ್ದ ಅಮೆರಿಕದ ಸೆನೆಟ್ ಉಪಸಮಿತಿಯ ಮುಂದೆ ಗೇನ್ಸ್ ತಾವಾಗಿಯೇ ಸಾಕ್ಷಿ ಹೇಳಲು ಹೋದರು. ಸೆನೆಟರ್ ಎಸ್ಟೆಸ್ ಕೆಫಾವರ್, ಗೇನ್ಸ್‌ರದೇ ಇನ್ನೊಂದು ಪತ್ರಿಕೆಯ ಮುಖಪುಟವನ್ನು ಎತ್ತಿ ತೋರಿಸಿದರು: ಒಂದು ಕೈಯಲ್ಲಿ ಕೊಡಲಿ, ಇನ್ನೊಂದರಲ್ಲಿ ಹೆಂಗಸಿನ ಕಡಿದ ತಲೆ. ಇದು ಸದಭಿರುಚಿಯೆ ಎಂದು ಕೇಳಿದರು. ಭಯಾನಕ ಕಾಮಿಕ್ಸಿನ ಮುಖಪುಟಕ್ಕೆ ಹೌದು ಎಂದರು ಗೇನ್ಸ್. ತಲೆಯನ್ನು ಇನ್ನೂ ಸ್ವಲ್ಪ ಮೇಲಕ್ಕೆತ್ತಿ ಕತ್ತಿನಿಂದ ರಕ್ತ ತೊಟ್ಟಿಕ್ಕುವುದನ್ನು ತೋರಿಸಿದ್ದರೆ ಅದು ದುರಭಿರುಚಿಯಾಗುತ್ತಿತ್ತು ಎಂಬರ್ಥದ ವಿವರಣೆಯನ್ನೂ ಸೇರಿಸಿದರು. ತರ್ಕ ಸರಿಯೇ ಇದ್ದಿರಬಹುದು, ಆದರೆ ಅಂಥ ಉತ್ತರ ಕೊಟ್ಟು ಗೆದ್ದವರುಂಟೆ? ಅದೇ ವರ್ಷ ಬಹುತೇಕ ಪ್ರಕಾಶಕರು ಸೇರಿ ಕಾಮಿಕ್ಸ್ ಕೋಡ್ ಎಂಬ ನಿಯಮಾವಳಿ ತಂದುಕೊಂಡರು. ಶೀರ್ಷಿಕೆಯಲ್ಲಿ ‘ಹಾರರ್’, ‘ಟೆರರ್’ ಎಂಬ ಪದಗಳು ಕೂಡದು. ರಕ್ತಪಿಶಾಚಿ, ತೋಳಮನುಷ್ಯ, ನಡೆಯುವ ಹೆಣ ಯಾವುವೂ ಕೂಡದು. ಕೋಡಿನ ಒಪ್ಪಿಗೆಯ ಮುದ್ರೆಯಿಲ್ಲದ ಪತ್ರಿಕೆಯನ್ನು ಹಂಚಲು ವಿತರಕರು ಹಿಂಜರಿದರು. ಮೂರು ಅಕ್ಕತಂಗಿಯರೂ ಕಣ್ಣುಮುಚ್ಚಿದರು. ಗೇನ್ಸ್‌ರಿಗೆ ಉಳಿದದ್ದು ‘ಮ್ಯಾಡ್’ ಎಂಬ ಹಾಸ್ಯಪತ್ರಿಕೆ; ಅದೇ ಅವರನ್ನು ಕೊನೆಯವರೆಗೆ ಸಾಕಿತು.

ನಮ್ಮ ಬಳಗಕ್ಕೆ ಹೆಚ್ಚು ಅಚ್ಚರಿ ತಂದದ್ದು ಆ ಗಾಳಿ ಇಲ್ಲಿಯವರೆಗೂ ಬೀಸಿತು ಎಂಬುದು. ಬ್ರಿಟನ್ 1955ರಲ್ಲಿ ಇಂಥ ಚಿತ್ರಪುಸ್ತಕಗಳ ವಿರುದ್ಧ ಕಾನೂನು ಮಾಡಿತು; ಮರುವರ್ಷ, 1956ರಲ್ಲಿ, ನಮ್ಮ ಸಂಸತ್ತೂ ಎಳೆಯರಿಗೆ ಹಾನಿಕರವಾದ ಪ್ರಕಟಣೆಗಳ ಕಾಯ್ದೆಯೊಂದನ್ನು ತಂದಿತು. ಅಪರಾಧ, ಹಿಂಸೆ, ಕ್ರೌರ್ಯ, ಹೇಸಿಗೆ ಹುಟ್ಟಿಸುವ ಘಟನೆ ಇವುಗಳನ್ನು ಚಿತ್ರಗಳ ಮೂಲಕ ಹೇಳಿ ಎಳೆಯರನ್ನು ಕೆಡಿಸುವ ಪುಸ್ತಕಗಳು ಅದರ ಗುರಿ. ಬೇತಾಳನ ಹೆಣವನ್ನು ಹೆಗಲ ಮೇಲೆ ಹೊತ್ತ ರಾಜನ ಚಿತ್ರವನ್ನು ‘ಚಂದಮಾಮ’ದಲ್ಲಿ ನೋಡಿಕೊಂಡೇ ನನ್ನ ತಲೆಮಾರು ಬೆಳೆಯಿತು, ಅದನ್ನು ಯಾರೂ ಹಾನಿಕರ ಎನ್ನಲಿಲ್ಲ. ನಿಮ್ಮ ಮಗನಿಗೆ ಸದ್ಯಕ್ಕೆ ಆ ಬೇತಾಳನನ್ನು ಕೊಡಿ. ನಾಲ್ಕು ವರ್ಷದ ಮೇಲೆ ಅವನನ್ನು ನಮ್ಮ ಸಭೆಗೆ ಕಳುಹಿಸಿ.

ಪ್ರಶ್ನೆ: ನಾನು ಇಸಿ ಕಥೆಗಳಲ್ಲಿ ಇಪ್ಪತ್ತರಷ್ಟು ಓದಿದ್ದೇನೆ. ಕೆಟ್ಟವನು ಕೆಟ್ಟದ್ದು ಮಾಡುತ್ತಾನೆ, ಸತ್ತವನು ಎದ್ದು ಬಂದು ಶಿಕ್ಷಿಸುತ್ತಾನೆ. ಮಾಡಿದ್ದುಣ್ಣೋ ಮಹಾರಾಯ ಎಂಬ ಗಾದೆಯೊಂದರಲ್ಲಿ ಮುಗಿಯುವುದಕ್ಕೆ ಇಷ್ಟೊಂದು ಚರ್ಚೆ ಬೇಕೆ?
— ಓದುಗರೊಬ್ಬರು, ಶ್ರೀರಂಗಪಟ್ಟಣ

ಉತ್ತರ: ತೂಕದ ಆಕ್ಷೇಪಣೆ. ನಮ್ಮ ಬಳಗವೂ ಮೂರನೆಯ ತಿಂಗಳಿಗೆ ಇಲ್ಲೇ ಬಂದು ಸಿಕ್ಕಿಹಾಕಿಕೊಂಡಿತು, ಹೊರಬರುವ ದಾರಿ ಸಿಕ್ಕಿದ್ದು ಜನ್ನನಿಂದ.

1209ರಲ್ಲಿ ಜನ್ನ ಬರೆದ ‘ಯಶೋಧರ ಚರಿತೆ’ಯೂ ಚಂಡಮಾರಿಯ ಗುಡಿ, ಬಲಿಗಾಗಿ ಹಿಡಿದು ತಂದ ಎಳೆಯ ಅಣ್ಣತಂಗಿ, ಹೀಗೆ ಮೈ ನಡುಗಿಸುವಂತೆಯೇ ಆರಂಭವಾಗುತ್ತದೆ. ಅಲ್ಲಿಯೂ ಹೆಂಡತಿ ಗಂಡನಿಗೆ ವಿಷವಿಡುತ್ತಾಳೆ, ಅಲ್ಲಿಯೂ ಮಾಡಿದ್ದನ್ನು ಉಣ್ಣಲೇಬೇಕು. ಆದರೆ ಯಶೋಧರ ಮಾಡಿದ್ದಾದರೂ ಏನು? ತಾಯಿಯ ಮಾತಿಗೆ ಕಟ್ಟುಬಿದ್ದು, ನಿಜವಾದ ಪ್ರಾಣಿಯ ಬದಲು ಹಿಟ್ಟಿನ ಕೋಳಿಯನ್ನು ಕಡಿದ. ಅಷ್ಟಕ್ಕೆ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ ಕೊಲ್ಲಿಸಿಕೊಳ್ಳುತ್ತಾರೆ. ಅಪರಾಧಕ್ಕೂ ಶಿಕ್ಷೆಗೂ ಅಳತೆಯೇ ಕೂಡುವುದಿಲ್ಲ, ಆ ಕೂಡದಿರುವಿಕೆಯೇ ಅಲ್ಲಿನ ಭಯ. ಇಸಿ ಕಥೆಗಳಲ್ಲಿ ಅಳತೆ ದರ್ಜಿಯ ಟೇಪಿನಂತೆ ಕೂಡಿಬರುತ್ತದೆ. ‘ಬ್ಲೈಂಡ್ ಆಲೀಸ್’ ಎಂಬ ಕಥೆಯಲ್ಲಿ, ಕುರುಡರ ಆಶ್ರಮದ ಮೇಲ್ವಿಚಾರಕನೊಬ್ಬ ನಿವಾಸಿಗಳನ್ನು ಹಸಿವು ಚಳಿಯಲ್ಲಿ ಕೆಡವಿ ತಾನು ನಾಯಿ ಸಾಕಿಕೊಂಡು ಸುಖವಾಗಿರುತ್ತಾನೆ. ಅವರು ಅವನಿಗಾಗಿ ಇಕ್ಕಟ್ಟಾದ ಓಣಿ ಕಟ್ಟಿ, ಗೋಡೆಗೆ ಬ್ಲೇಡು ನೆಟ್ಟು, ನಾಯಿಯನ್ನು ಉಪವಾಸ ಕೆಡವಿ ಅವನ ಹಿಂದೆ ಬಿಟ್ಟು, ದೀಪ ಆರಿಸುತ್ತಾರೆ. ಓದುವಾಗ ನಮಗೆ ಆಗುವುದು ಭಯವಲ್ಲ, ತೃಪ್ತಿ. ನಿಮ್ಮ ಗಾದೆ ಅಲ್ಲಿ ನೀತಿಯ ವೇಷ ಹಾಕಿಕೊಂಡು ಬರುತ್ತದೆ. ಒಳಗಿರುವುದು ಹಿಂಸೆಯನ್ನು ನೋಡುವ ಖುಷಿ. ದುಷ್ಟನ ದೇಹದ ತುಂಡುಗಳಿಂದ ಬೇಸ್‌ಬಾಲ್ ಆಡುವ ‘ಫೌಲ್ ಪ್ಲೇ’ ಎಂಬ ಕಥೆಯಲ್ಲಂತೂ ವೇಷ ಪೂರ್ತಿ ಕಳಚಿದೆ. ಅದನ್ನು ಬರೆದವರೇ ಆಮೇಲೆ ಮುಜುಗರಪಟ್ಟರು.

ಹಾಗಾದರೆ ಚರ್ಚೆ ಏತಕ್ಕೆ? ಆ ಖುಷಿ ನಮ್ಮದೂ ಆಗಿದ್ದಕ್ಕೆ. ಕ್ರಿಪ್ಟ್‌ಕೀಪರನಿಗೂ ನಮ್ಮ ಬೇತಾಳನಿಗೂ ಇರುವ ವ್ಯತ್ಯಾಸ ನೋಡಿ. ಇಬ್ಬರೂ ಹೆಣದ ಪಕ್ಕದವರು, ಇಬ್ಬರೂ ಕಥೆ ಹೇಳುತ್ತಾರೆ. ಕ್ರಿಪ್ಟ್‌ಕೀಪರ್ ಕಥೆ ಮುಗಿಸಿ ನಗುತ್ತಾನೆ, ನಾವೂ ನಕ್ಕು ಪುಟ ತಿರುಗಿಸುತ್ತೇವೆ. ಬೇತಾಳ ಕಥೆ ಮುಗಿಸಿ ಪ್ರಶ್ನೆ ಕೇಳುತ್ತಾನೆ. ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ತಲೆ ಸಾವಿರ ಹೋಳು. ಅದಕ್ಕೇ ನಾವು ಒಂದು ಪದ್ಧತಿ ಮಾಡಿಕೊಂಡೆವು. ಪ್ರತಿ ಕಥೆ ಮುಗಿದ ಮೇಲೆ ಸರದಿಯ ಪ್ರಕಾರ ಒಬ್ಬರು ಬೇತಾಳನಾಗಿ ಒಂದೇ ಒಂದು ಪ್ರಶ್ನೆ ಹಾಕಬೇಕು, ಅದಕ್ಕೆ ಕಥೆಯೊಳಗೆ ಸಿದ್ಧ ಉತ್ತರ ಇರಕೂಡದು. ‘ಪೊಯೆಟಿಕ್ ಜಸ್ಟಿಸ್’ ಕಥೆಯಲ್ಲಿ ಕಸ ಆಯುವ ಒಬ್ಬಂಟಿ ಮುದುಕನನ್ನು ಓಣಿಯಿಂದ ಓಡಿಸಲು, ಎದುರು ಮನೆಯ ಸಿರಿವಂತರು ಪ್ರೇಮಿಗಳ ದಿನಕ್ಕೆ ಅವನಿಗೆ ಚುಚ್ಚುಮಾತಿನ ಕಾರ್ಡುಗಳನ್ನು ರಾಶಿರಾಶಿಯಾಗಿ ಕಳುಹಿಸುತ್ತಾರೆ. ಮುದುಕ ನೇಣು ಹಾಕಿಕೊಳ್ಳುತ್ತಾನೆ. ಮರುವರ್ಷ ಅದೇ ದಿನ ಮಣ್ಣಿನಿಂದೆದ್ದು ಬಂದು ಲೆಕ್ಕ ತೀರಿಸುತ್ತಾನೆ. ಅಂದು ಬೇತಾಳನ ಸರದಿ ನಮ್ಮ ಗುಂಪಿನ ಒಬ್ಬ ಹುಡುಗಿಯದು. ‘ಕಾರ್ಡು ಕಳುಹಿಸಿದವರು ಕೊಂದವರಾದರೆ, ಒಂದು ಒಳ್ಳೆಯ ಕಾರ್ಡನ್ನೂ ಕಳುಹಿಸದೆ ಸುಮ್ಮನಿದ್ದ ಓಣಿಯ ಮಿಕ್ಕವರು ಯಾರು?’ ಎಂದು ಕೇಳಿದಳು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ನಮ್ಮ ನಮ್ಮ ಬೀದಿಯ ಒಬ್ಬೊಬ್ಬ ಮುದುಕನ ಸುದ್ದಿ ಹೊರಬಂತು. ಅದನ್ನು ಇಲ್ಲಿ ಬರೆಯುವುದಿಲ್ಲ.

ಈ ಸಂಸ್ಥೆಯಿಂದಲೇ ನಿಮ್ಮ ಗಾದೆಗೆ ಸಿಗದ ಕಥೆಯೊಂದನ್ನೂ ಹೆಸರಿಸುತ್ತೇನೆ; ಅದು ಭಯಾನಕವಲ್ಲ, ವೈಜ್ಞಾನಿಕ ಕಥೆ. 1953ರ ‘ಜಡ್ಜ್‌ಮೆಂಟ್ ಡೇ’ಯಲ್ಲಿ ಭೂಮಿಯ ಪ್ರತಿನಿಧಿಯೊಬ್ಬ, ಕಿತ್ತಳೆ ಬಣ್ಣದ ರೋಬೋಟುಗಳು ನೀಲಿ ರೋಬೋಟುಗಳನ್ನು ಕೀಳಾಗಿ ಕಾಣುವ ಗ್ರಹವನ್ನು ಪರೀಕ್ಷಿಸಿ, ನೀವಿನ್ನೂ ಯೋಗ್ಯರಾಗಿಲ್ಲ ಎಂದು ತೀರ್ಪಿತ್ತು ಹೊರಡುತ್ತಾನೆ. ಕೊನೆಯ ಚೌಕಟ್ಟಿನಲ್ಲಿ ಶಿರಸ್ತ್ರಾಣ ತೆಗೆದಾಗ ಅವನು ಕಪ್ಪು ಮನುಷ್ಯನೆಂದು ತಿಳಿಯುತ್ತದೆ. ಕೋಡ್ ಬಂದಮೇಲೆ ಅದನ್ನು ಮರುಮುದ್ರಿಸಲು ಹೊರಟಾಗ, ಆ ಮನುಷ್ಯ ಕಪ್ಪಗಿರಕೂಡದೆಂದು ಅಧಿಕಾರಿ ತಕರಾರು ತೆಗೆದರು; ಗೇನ್ಸ್ ಜಗ್ಗದೆ ಹಾಗೆಯೇ ಅಚ್ಚುಹಾಕಿದರು. ಇಲ್ಲಿ ಯಾರಿಗೂ ಶಿಕ್ಷೆಯಾಗುವುದಿಲ್ಲ, ಯಾರೂ ಮಣ್ಣಿನಿಂದ ಏಳುವುದಿಲ್ಲ. ಇದನ್ನು ಓದಿದ ದಿನ ಬೇತಾಳನಿಗೆ ಪ್ರಶ್ನೆ ಹುಡುಕುವ ಕೆಲಸವೇ ಇರಲಿಲ್ಲ.

ಪ್ರಶ್ನೆ: ಬಣ್ಣದ ಮುದ್ರಣ ಕೊಳ್ಳಬೇಕೆ, ಕಪ್ಪುಬಿಳುಪಿನದೆ?
— ಓದುಗರೊಬ್ಬರು, ಒಂಟಿಕೊಪ್ಪಲು, ಮೈಸೂರು

ಉತ್ತರ: ಇಂಗೆಲ್ಸ್ ಗೆರೆಯ ಮೇಲೆ ಆಸೆಯಿದ್ದರೆ ಕಪ್ಪುಬಿಳುಪು, ಅಂದಿನ ಓದುಗ ಕಂಡಂತೆ ಕಾಣಬೇಕಾದರೆ ಇಸಿಯ ಬಣ್ಣಗಾರ್ತಿ ಮರೀ ಸೆವೆರಿನ್ ಹಾಕಿದ ಹಳೆಯ ಬಣ್ಣ. ಅತಿ ಘೋರವಾದ ಚೌಕಟ್ಟುಗಳ ಮೇಲೆ ಅವರು ಕಡುನೀಲಿ ಬಳಿದು ಮರೆಮಾಡಿಬಿಡುತ್ತಿದ್ದರೆಂಬ 	ಮಾತು ಪ್ರಸಿದ್ಧವಾಗಿದೆ. ಇತ್ತೀಚೆಗೆ ಗಣಕದಲ್ಲಿ ಹೊಸದಾಗಿ ಬಣ್ಣ ತುಂಬಿದ ಮುದ್ರಣಗಳೂ ಇವೆ. ಅವು ನನಗೆ, ಹಳೆಯ ದೇವಸ್ಥಾನದ ಕಲ್ಲಿಗೆ ಆಯಿಲ್ ಪೇಂಟ್ ಬಳಿದಂತೆ ಕಂಡವು. ಬೆಲೆ ಎಲ್ಲದಕ್ಕೂ ಹೆಚ್ಚೇ. ಒಬ್ಬೊಬ್ಬರೂ ಕೊಳ್ಳಬೇಡಿ, ಗುಂಪಿಗೆ ಒಂದು ಪ್ರತಿ ಸಾಕು.

ಪ್ರಶ್ನೆ: ಇಂಥ ಪುಸ್ತಕದ ಸಭೆಯನ್ನು ಅಮಾವಾಸ್ಯೆಯ ರಾತ್ರಿ ಇಟ್ಟುಕೊಂಡರೆ ಕಳೆ ಕಟ್ಟುವುದಿಲ್ಲವೆ?
— ಓದುಗರೊಬ್ಬರು, ಪಾಂಡವಪುರ

ಉತ್ತರ: ಒಮ್ಮೆ ಇಟ್ಟುಕೊಂಡೆವು. ಇಬ್ಬರು ದೇವಸ್ಥಾನಕ್ಕೆ ಹೋದರು, ಒಬ್ಬರ ಮನೆಯಲ್ಲಿ ಆ ಹೊತ್ತಿಗೆ ಹೊರಗೆ ಬಿಡಲಿಲ್ಲ, ಮಂಡ್ಯದವರು ರಾತ್ರಿಯ ರೈಲು ತಪ್ಪುತ್ತದೆಂದು ಬರಲೇ ಇಲ್ಲ. ಬಂದ ಮೂವರಲ್ಲಿ ಕಾಗದ ಸರಿಸುವವರೊಬ್ಬರು, ಓದುವವನು ನಾನು, ಕೇಳುವವರು ಒಬ್ಬರೇ. ಅರ್ಧ ಗಂಟೆಗೆ ಕರೆಂಟು ಹೋಯಿತು. ಮೊಬೈಲಿನ ಬೆಳಕಿನಲ್ಲಿ ಇನ್ನೆರಡು ಪುಟ ಓದಿ, ಕೇಳುತ್ತಿದ್ದವರು ಎದ್ದು ‘ಮಿಕ್ಕಿದ್ದು ಭಾನುವಾರ ಹಗಲು ಓದೋಣ ಸಾರ್’ ಎಂದು ಚಪ್ಪಲಿ ಹುಡುಕತೊಡಗಿದರು.